ಒಂದೇ ಕೈಗೆ ಒಗ್ಗುವ ಪಿಸ್ತೂಲು

ಪಿಸ್ತೂಲು ಮೇಜಿನ ಮೇಲೆ ಗಿರ್ರನೆ ತಿರುಗಿತು. ತಿರುಗಿ ನಿಂತಾಗ ಅದರ ಮೂತಿ ಪಕ್ಕದ ಲೇನಿನಲ್ಲಿದ್ದ ಕಾಲೇಜು ಮೇಷ್ಟ್ರ ಹೊಟ್ಟೆಯ ಕಡೆಗಿತ್ತು. ಒಳಗೆ ಸೀಸದ ಪುಟ್ಟ ಗುಂಡು, ಪೆಲೆಟ್, ಕೂತಿತ್ತು.

"ನಿಲ್ಸಿ! ಎಲ್ರೂ ಕೆಳಗಿಡಿ!" ಅಂತ ಕೂಗಿದವನು ನಾನೇ. ಐದು ಲೇನುಗಳಲ್ಲೂ ಪಿಸ್ತೂಲುಗಳು ಕೆಳಗಿಳಿದವು. ಮೇಷ್ಟ್ರು ಎರಡು ಹೆಜ್ಜೆ ಹಿಂದಕ್ಕೆ ಸರಿದು ಗೋಡೆಗೆ ಆನಿಕೊಂಡರು. ನಾನು ಹೋಗಿ ಆ ಪಿಸ್ತೂಲಿನ ಲಿವರ್ ತೆರೆದು, ಪೆಲೆಟ್ ತೆಗೆದು, ಮೂತಿಯನ್ನು ಗುರಿಹಲಗೆಯ ಕಡೆ ತಿರುಗಿಸಿಟ್ಟೆ. ಅದನ್ನು ಲೋಡ್ ಮಾಡುತ್ತಿದ್ದ ಆಕೆ ಅಲ್ಲೇ ನಿಂತಿದ್ದಳು. ಬಲಗೈಯನ್ನು ಮೇಜಿನಿಂದ ದೂರ ಎತ್ತಿ ಹಿಡಿದಿದ್ದಳು.

ಎಡಗೈ ಆಕೆಗೆ ಇರಲಿಲ್ಲ. ಮೊಣಕೈಯಿಂದ ಗೇಣುದ್ದ ಕೆಳಗೆ ತೋಳು ಮುಗಿದುಹೋಗಿತ್ತು. ಅದರ ಮೇಲೆ ಯಾವಾಗಲೂ ಉದ್ದ ತೋಳಿನ ಕುರ್ತಾ, ತುದಿಗೆ ಪಿನ್ನು. ಊರು ಕೆಂಚಾರ್ಲಹಳ್ಳಿ, ಕೆಲಸ ಚಿಂತಾಮಣಿಯ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತೆ, ವಯಸ್ಸು ಮೂವತ್ತರ ಆಚೀಚೆ. ವಾರಕ್ಕೆ ಮೂರು ದಿನ ಬಸ್ಸು ಹಿಡಿದು ಚಿಕ್ಕಬಳ್ಳಾಪುರದ ನಮ್ಮ ಹತ್ತು ಮೀಟರ್ ರೇಂಜಿಗೆ ಬರುತ್ತಿದ್ದಳು. ಅದೊಂದು ಬೀಜ-ಗೊಬ್ಬರದ ಅಂಗಡಿಯ ಮೇಲಿನ ಉದ್ದನೆಯ ಹಾಲು. ಅಲ್ಲಿ ಏರ್ ಪಿಸ್ತೂಲುಗಳ ರಿಪೇರಿ, ಉಸ್ತುವಾರಿ ನನ್ನದು. ಅದಕ್ಕೂ ಮುಂಚೆ ನಾನು ಪೊಲೀಸ್ ಆಯುಧಾಗಾರದಲ್ಲಿ ಬಂದೂಕು ರಿಪೇರಿ ಮಾಡುವ ಆರ್ಮರರ್ ಆಗಿದ್ದವನು.

ಆಕೆಗೆ ಯಾರಾದರೂ ಪೆಲೆಟ್ ಹಾಕಿಕೊಡುತ್ತಿದ್ದರು, ಆಕೆ ಹೊಡೆಯುತ್ತಿದ್ದಳು. ಹೊಡೆತ ಚೆನ್ನಾಗಿತ್ತು. ಆವತ್ತು ಯಾರೂ ಬಿಡುವಾಗಿರಲಿಲ್ಲ ಅಂತ ತಾನೇ ಲೋಡ್ ಮಾಡೋಕೆ ಹೋಗಿದ್ದಳು. ಕ್ಲಬ್ಬಿನ ಪಿಸ್ತೂಲಿನ ಲಿವರ್ ಉದ್ದ, ಬಿಗಿ. ಎರಡು ಕೈ ಇರುವವರು ಬಲಗೈಯಲ್ಲಿ ಹಿಡಿದುಕೊಂಡು ಎಡಗೈಯಲ್ಲಿ ಎಳೆಯುತ್ತಾರೆ. ಆಕೆ ಮೇಜಿನ ಮೇಲಿಟ್ಟು ಎಳೆದು, ಪೆಲೆಟ್ ಹಾಕಿ, ಮುಚ್ಚಲು ತಳ್ಳಿದ್ದಳು, ಆಗಲೇ ಅದು ತಿರುಗಿದ್ದು.

ಕ್ಲಬ್ಬಿನ ಕಾರ್ಯದರ್ಶಿ ಮೇಲೆ ಬಂದರು. ಒಳ್ಳೆಯ ಮನುಷ್ಯ, ಆದರೆ ಹೆದರಿದ್ದರು. "ನೋಡಮ್ಮ, ಇವತ್ತಿಂದ ನೀನು ಒಬ್ಳೇ ಲೋಡ್ ಮಾಡೋ ಹಾಗಿಲ್ಲ. ಯಾರಾದ್ರೂ ಮಾಡ್ಕೊಟ್ರೆ ಹೊಡಿ."

"ಸೆಲೆಕ್ಷನ್‌ನಲ್ಲಿ ಯಾರು ಮಾಡ್ಕೊಡ್ತಾರೆ ಸಾರ್?"

"ಸಹಾಯಕರು ಬೇಕು ಅಂತ ಫಾರ್ಮಲ್ಲಿ ಬರ್ದಿಲ್ವಾ?"

"ಬೇಡ ಅಂತ ಬರ್ದಿದೀನಿ."

ಅಂಗವಿಕಲರ ರಾಜ್ಯ ತಂಡದ ಆಯ್ಕೆಗೆ ಇಪ್ಪತ್ನಾಲ್ಕು ದಿನ ಉಳಿದಿತ್ತು. ಅರ್ಜಿ ತಿದ್ದುವ ದಿನ ಮುಗಿದಿತ್ತು. ಕಾರ್ಯದರ್ಶಿ ಹಣೆ ಉಜ್ಜಿಕೊಂಡರು. "ಹಂಗಾದ್ರೆ ಒಂದೇ ಕೈಲಿ ಲೋಡ್ ಆಗೋ ಪಿಸ್ತೂಲು ತಗೊಂಡ್ ಬಾ. ಇವರು ನೋಡಿ ಸರಿ ಇದೆ ಅಂದ್ರೆ ನನ್ನ ಅಭ್ಯಂತರ ಇಲ್ಲ." ಇವರು ಅಂದರೆ ನಾನು.

ಮೆಟ್ಟಿಲು ಇಳಿಯುವಾಗ ಆಕೆ ಕೇಳಿದಳು: "ಸಾರ್, ಅಂಥ ಪಿಸ್ತೂಲು ಇದೆಯಾ?"

ಗೊತ್ತಿಲ್ಲ ಅಂದೆ. ನಿಜಕ್ಕೂ ಗೊತ್ತಿರಲಿಲ್ಲ.

ಮಾರನೇ ದಿನ ಬೆಳಿಗ್ಗೆ ರೇಂಜು ತೆರೆಯುವ ಮುಂಚೆ ಒಬ್ಬನೇ ಹೋಗಿ, ಎಡಗೈಯನ್ನು ಬೆನ್ನ ಹಿಂದೆ ಬೆಲ್ಟಿಗೆ ಸಿಕ್ಕಿಸಿಕೊಂಡು ಕ್ಲಬ್ಬಿನ ಮೂರು ಪಿಸ್ತೂಲುಗಳನ್ನೂ ಒಂದೊಂದಾಗಿ ಲೋಡ್ ಮಾಡೋಕೆ ನೋಡಿದೆ. ಪೆಲೆಟ್ ಹಾಕದೆ, ಖಾಲಿ. ಒಂದರಲ್ಲಿ ಲಿವರ್ ಹಿಂಭಾಗದಲ್ಲಿ, ಮೇಲಕ್ಕೆ ಎತ್ತಬೇಕು. ಎತ್ತಿದರೆ ಅದರ ಜೊತೆ ಪಿಸ್ತೂಲೂ ಎದ್ದು ಬರುತ್ತಿತ್ತು. ಇನ್ನೊಂದರಲ್ಲಿ ಲಿವರ್ ಪಕ್ಕಕ್ಕೆ ಬಾಗಿಲಿನಂತೆ ತೆರೆಯಬೇಕು. ತಳ್ಳಿದರೆ ಪಿಸ್ತೂಲೇ ಸುತ್ತುತ್ತಿತ್ತು. ತೊಡೆಯ ಸಂದಿಯಲ್ಲಿ ಹಿಡಿದರೆ ಮೂತಿ ನೆಲ ನೋಡುತ್ತೆ, ಅದು ನಿಯಮಕ್ಕೆ ವಿರುದ್ಧ. ರೇಂಜಿನಲ್ಲಿ ಮೂತಿ ಯಾವಾಗಲೂ ಗುರಿಯ ಕಡೆಗೇ ಇರಬೇಕು. ಒಮ್ಮೆ ಬೇರೆ ಕಡೆ ತಿರುಗಿದರೆ ಎಚ್ಚರಿಕೆ, ಮತ್ತೆ ತಿರುಗಿದರೆ ಮನೆಗೆ.

ಆಮೇಲೆ ಗಡಿಯಾರದ ಲೆಕ್ಕ. ಅರವತ್ತು ಹೊಡೆತ, ಎಪ್ಪತ್ತೈದು ನಿಮಿಷ. ಒಂದು ಹೊಡೆತಕ್ಕೆ ಒಂದೂಕಾಲು ನಿಮಿಷ. ನನಗೆ ಲೋಡ್ ಮಾಡೋಕೇ ಐವತ್ತು ಸೆಕೆಂಡು ಹಿಡಿಯುತ್ತಿತ್ತು. ಉಳಿದದ್ದರಲ್ಲಿ ಹಿಡಿಯಬೇಕು, ಎತ್ತಬೇಕು, ಉಸಿರು ಹಿಡಿಯಬೇಕು, ಹೊಡೆಯಬೇಕು. ಎರಡು ಗಂಟೆ ಹೆಣಗಿ ಬೆಲ್ಟಿನಿಂದ ಕೈ ಬಿಡಿಸಿಕೊಂಡಾಗ ಬೆರಳು ಜೋಮು ಹಿಡಿದಿತ್ತು.

ಶನಿವಾರ ಇಬ್ಬರೂ ಬೆಂಗಳೂರಿನ ಅಂಗಡಿಗೆ ಹೋದೆವು. ಹೊರದೇಶದ ಒಳ್ಳೊಳ್ಳೆಯ ಪಿಸ್ತೂಲುಗಳನ್ನು ಗಾಜಿನ ಕಪಾಟಿನಲ್ಲಿ ಸಾಲಾಗಿ ಇಟ್ಟಿದ್ದರು. ಅಂಗಡಿಯ ಹುಡುಗ ಉತ್ಸಾಹಿ. ಆಕೆ ಕೈ ಚಾಚುವ ಮುಂಚೆ ಲಿವರ್ ತೆರೆದು, ಮುಚ್ಚಿ, ಕೈಗಿಟ್ಟ. "ಹೊಡೆದು ನೋಡಿ ಮೇಡಂ, ಬೆಣ್ಣೆ ಥರ ಇದೆ."

"ನೀವು ತೆರೀಬೇಡಿ," ಅಂದಳು ಆಕೆ. "ಅದನ್ನೇ ನೋಡೋಕೆ ಬಂದಿರೋದು."

ಒಂದು ಪಿಸ್ತೂಲಿನಲ್ಲಿ ಹೇಗೋ ಹೊಂದಿಕೆಯಾಯಿತು. ಮೇಜಿನ ಮೇಲೆ ಮಲಗಿಸಿ, ಹೆಬ್ಬೆರಳಿನಿಂದ ಲಿವರ್ ತೆಗೆದು, ಪೆಲೆಟ್ ಕೂರಿಸಿ, ಮುಚ್ಚಿದಳು. ಪಿಸ್ತೂಲು ಸ್ವಲ್ಪ ಸರಿಯಿತು, ಆದರೆ ತಿರುಗಲಿಲ್ಲ. ನನಗೆ ಸಂತೋಷವಾಯಿತು. ಅಲ್ಲೇ ಹಿಂದಿನ ಕೋಣೆಯಲ್ಲಿ ಹತ್ತು ಹೊಡೆತ ಹೊಡೆದಳು. ಗುರಿಹಾಳೆಯ ಮೇಲೆ ತೂತುಗಳ ಗುಂಪು ಚೆದುರಿಹೋಗಿತ್ತು. ಒಂದು ಎಡಕ್ಕೆ, ಒಂದು ಕೆಳಕ್ಕೆ. ಕ್ಲಬ್ಬಿನ ಹಳೇ ಪಿಸ್ತೂಲಿನಲ್ಲೇ ಇದಕ್ಕಿಂತ ಚೆನ್ನಾಗಿ ಹೊಡೆಯುತ್ತಿದ್ದವಳು.

ಹಾಗೇಕೆ ಅಂತ ಆಕೆಯ ಕೈಯನ್ನೇ ನೋಡುತ್ತಾ ನಿಂತಾಗ ಹೊಳೆಯಿತು. ಬೇರೆಯವರು ಒಮ್ಮೆ ಪಿಸ್ತೂಲಿನ ಹಿಡಿ ಹಿಡಿದರೆ ಹತ್ತು ಹೊಡೆತವಾದರೂ ಬಲಗೈ ಬಿಡಿಸುವುದಿಲ್ಲ. ಲೋಡ್ ಮಾಡುವುದು ಎಡಗೈ. ಆಕೆ ಪ್ರತಿ ಹೊಡೆತಕ್ಕೂ ಹಿಡಿ ಬಿಟ್ಟು, ಲೋಡ್ ಮಾಡಿ, ಮತ್ತೆ ಹಿಡಿಯಬೇಕು. ಅರವತ್ತು ಸಲ. ಪ್ರತಿ ಸಲವೂ ಅಂಗೈ ಅದೇ ಜಾಗದಲ್ಲಿ ಕೂರಬೇಕು, ಕೂದಲೆಳೆಯಷ್ಟು ಬದಲಾದರೂ ಹತ್ತು ಮೀಟರ್ ಆಚೆ ಹತ್ತು ಅಂಕದ ಹೊಡೆತ ಎಂಟಾಗುತ್ತೆ. ಇಷ್ಟು ದಿನ ನಾನು ಬರೀ ಲಿವರ್ ಹುಡುಕುತ್ತಿದ್ದೆ. ಹುಡುಕಬೇಕಾಗಿದ್ದು ಲಿವರ್ ಮತ್ತು ಹಿಡಿ ಎರಡೂ.

ಕೈಗೆ ತಕ್ಕ ಹಿಡಿ ತರಿಸಬಹುದು ಅಂದ ಅಂಗಡಿಯ ಹುಡುಗ. ಕಪಾಟಿನಲ್ಲಿದ್ದವು ತೋರಿಸೋಕೆ ಮಾತ್ರ, ಪಿಸ್ತೂಲೂ ಹೊರದೇಶದಿಂದ ಬರಬೇಕು. "ಎರಡು ತಿಂಗಳು ಆಗುತ್ತೆ ಸಾರ್."

ನಮಗೆ ಇಪ್ಪತ್ತೊಂದು ದಿನ ಇತ್ತು.

ಗೌರಿಬಿದನೂರಿನ ಸುದ್ದಿ ಕೊಟ್ಟವರು ಆವತ್ತು ಹೊಟ್ಟೆಯ ಮೇಲೆ ಮೂತಿ ನೆಟ್ಟಿಸಿಕೊಂಡಿದ್ದ ಮೇಷ್ಟ್ರೇ. ಅಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿರುವ ಒಬ್ಬರು ಹಿಂದೆ ರಾಜ್ಯಮಟ್ಟದಲ್ಲಿ ಹೊಡೆಯುತ್ತಿದ್ದರಂತೆ, ಬೆನ್ನುನೋವು ಬಂದು ಬಿಟ್ಟರಂತೆ, ಪಿಸ್ತೂಲು ಪೆಟ್ಟಿಗೆಯಲ್ಲೇ ಇದೆಯಂತೆ. ಸೋಮವಾರ ಆಕೆ ರಜೆ ಹಾಕಿದಳು. ಇಬ್ಬರೂ ಮಂಚೇನಹಳ್ಳಿ ಮೇಲೆ ಹೋಗುವ ಬಸ್ಸು ಹಿಡಿದೆವು.

ಅಂಗಡಿಯವರು ಪಿವಿಸಿ ಪೈಪುಗಳ ಗೋಡೌನಿನಲ್ಲಿ ಪೆಟ್ಟಿಗೆ ಬಿಚ್ಚಿದರು. ಒಳಗಿನ ಪಿಸ್ತೂಲು ನೋಡಿ ನನ್ನ ಕೈ ತಾನಾಗಿ ಪ್ಯಾಂಟಿಗೆ ಒರೆಸಿಕೊಂಡಿತು. ಅಷ್ಟು ಚೆನ್ನಾಗಿ ಇಟ್ಟಿದ್ದರು. ಎಡಪಕ್ಕದಲ್ಲಿ ಗಿಡ್ಡ ಲಿವರ್. ಹಿಂದಕ್ಕೆ ಎಳೆದರೆ ತೆರೆಯುತ್ತೆ, ಮುಂದಕ್ಕೆ ತಳ್ಳಿದರೆ ಮುಚ್ಚುತ್ತೆ. ಅಂದರೆ ಬಲವೆಲ್ಲ ನಳಿಗೆಯ ನೇರಕ್ಕೇ ಬೀಳುತ್ತೆ, ಪಿಸ್ತೂಲು ಸುತ್ತುವುದಕ್ಕೆ ಕಾರಣವೇ ಕಡಿಮೆ. ಮರದ ಹಿಡಿಯನ್ನು ಅವರು ತಮ್ಮ ಕೈಗೆ ಕೆತ್ತಿಸಿಕೊಂಡಿದ್ದರು. ಅವರದೂ ಸಣ್ಣ ಕೈ. ಹೆಬ್ಬೆರಳಿನ ಬುಡ ಕೂರುವಲ್ಲಿ ಆಳವಾದ ಗುಳಿ. ಕೈ ಇಟ್ಟರೆ ಅಲ್ಲೇ ಜಾರಿ ಕೂರಬೇಕು, ಬೇರೆ ಕಡೆ ಕೂರೋಕೆ ಜಾಗವೇ ಇಲ್ಲ.

ಅವರು ಗೋಡೆಗೆ ಮರಳಿನ ಚೀಲ ಜೋಡಿಸಿ, ಮುಂದೆ ಗುರಿಹಾಳೆ ಸಿಕ್ಕಿಸಿ, ಬಾಗಿಲಿಗೆ ಅಗಳಿ ಹಾಕಿದರು. ಆಕೆ ಐದು ಹೊಡೆತ ಹೊಡೆದಳು. ಪ್ರತಿ ಸಲವೂ ಬಿಟ್ಟು, ಲೋಡ್ ಮಾಡಿ, ಮತ್ತೆ ಹಿಡಿದು. ಐದೂ ಒಂದು ರೂಪಾಯಿ ನಾಣ್ಯದೊಳಗೆ. ತಿರುಗಿ ನನ್ನನ್ನು ನೋಡಿದಳು. ಆ ಮುಖದಲ್ಲಿ ಆ ನಗು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

ನಾನು ಪಿಸ್ತೂಲು ತೆಗೆದುಕೊಂಡು ನಳಿಗೆಯ ಕೆಳಗಿನ ಗಾಳಿ ಸಿಲಿಂಡರನ್ನು ಬಿಚ್ಚಿದೆ. ಕನ್ನಡಕ ಹಾಕಿಕೊಂಡು ಅದರ ಕತ್ತಿನ ಮೇಲೆ ಕೊರೆದಿದ್ದ ತಾರೀಖು ಓದಿದೆ. ಇಂಥ ಸಿಲಿಂಡರಿಗೆ ತಯಾರಿಸಿದವರು ಕೊಡುವ ಆಯಸ್ಸು ಹತ್ತು ವರ್ಷ. ಇದಕ್ಕೆ ಹನ್ನೆರಡು ದಾಟಿತ್ತು. ಪೆಟ್ಟಿಗೆಯಲ್ಲಿದ್ದ ಇನ್ನೊಂದಕ್ಕೂ ಅಷ್ಟೇ. ಒಂದರ ಮೈಮೇಲೆ ಉಗುರಿಗೆ ಸಿಗುವ ಸಣ್ಣ ತಗ್ಗೂ ಇತ್ತು, ಎಲ್ಲೋ ಬಿದ್ದದ್ದು.

"ಇದು ಆಗಲ್ಲ," ಅಂದೆ.

"ಏನೂ ಆಗಲ್ಲ ಬಿಡಿ ಸಾರ್," ಅಂದರು ಅಂಗಡಿಯವರು. "ಎಲ್ರೂ ಹಾಕ್ತಾರೆ. ತಾರೀಖು ಅನ್ನೋದು ಕಂಪನಿಯವರು ಮಾರೋಕೆ ಮಾಡ್ಕೊಂಡಿರೋದು. ಈಗ ತಾನೇ ಹೊಡೆದ್ರಲ್ಲ, ಏನಾಯ್ತು?"

ಅವರು ಕೆಟ್ಟವರಲ್ಲ. ಆ ಮಾತನ್ನು ನಂಬಿಯೇ ಹೇಳಿದ್ದರು. ತಪ್ಪು ನನ್ನದೇ. ತಾರೀಖು ನೋಡುವುದಕ್ಕೆ ಮುಂಚೆ ಹೊಡೆಯೋಕೆ ಬಿಡಬಾರದಿತ್ತು. ಪಿಸ್ತೂಲಿನ ಅಂದ ನೋಡಿ ಮೈಮರೆತಿದ್ದೆ. ಲಾರಿ ಟೈರಿನೊಳಗಿನ ಗಾಳಿಗಿಂತ ಇಪ್ಪತ್ತು-ಮೂವತ್ತು ಪಟ್ಟು ಒತ್ತಡ ಆ ಪುಟ್ಟ ಕೊಳವೆಯೊಳಗೆ ಇರುತ್ತೆ. ಅದು ಬಿರಿದರೆ ಪಕ್ಕದಲ್ಲೇ ಇರುವುದು ಆಕೆಯ ಬಲಗೈ, ಇರುವ ಒಂದೇ ಕೈ.

"ಸಾರ್, ಹತ್ತೊಂಬತ್ತು ದಿನ ಅಷ್ಟೇ," ಅಂದಳು ಆಕೆ ಮೆಲ್ಲಗೆ. "ಸೆಲೆಕ್ಷನ್ ಆದ್ಮೇಲೆ ಬದಲಾಯಿಸೋಣ."

"ಆಗಲ್ಲಮ್ಮ."

"ಕೈ ನಂದು ಸಾರ್."

"ಸರಿ ಇದೆ ಅಂತ ಹೇಳಬೇಕಾದೋನು ನಾನು. ನಾನು ಹೇಳಲ್ಲ."

ಬಸ್ ಸ್ಟ್ಯಾಂಡಿನವರೆಗೂ ಆಕೆ ನನಗಿಂತ ಹತ್ತು ಹೆಜ್ಜೆ ಮುಂದೆ ನಡೆದಳು. ನಾನು ಎರಡು ಟೀ ತಂದೆ. ಆಕೆ ಮುಟ್ಟಲಿಲ್ಲ. ಚಿಕ್ಕಬಳ್ಳಾಪುರದ ಬಸ್ಸು ಬಂದು ನಿಂತಿತು, ಜನ ಹತ್ತತೊಡಗಿದರು. ನಾನು ಎದ್ದೆ, ಆಕೆ ಏಳಲಿಲ್ಲ.

"ನಮ್ಮನೇಲಿ ಮೇವು ಕತ್ತರಿಸೋ ಮಿಷನ್ ಇತ್ತು," ಅಂದಳು, ಬಸ್ಸಿನ ಕಡೆ ನೋಡುತ್ತಲೇ. "ಅದರ ಬಾಯಿಗೆ ಒಂದು ತಗಡು ಇರುತ್ತೆ, ಕೈ ಒಳಗೆ ಹೋಗದ ಹಾಗೆ. ಹುಲ್ಲು ಸಿಕ್ಕಾಕ್ಕೊಳ್ಳುತ್ತೆ ಅಂತ ನಮ್ಮ ಚಿಕ್ಕಪ್ಪ ಬಿಚ್ಚಿಟ್ರು. ಅಮ್ಮ ಬೇಡ ಅಂದ್ರು. ಏನೂ ಆಗಲ್ಲ ಬಿಡತ್ತಿಗೆ ಅಂದ್ರು ಅವರು. ನಂಗೆ ಒಂಬತ್ತು ವರ್ಷ." ಕುರ್ತಾದ ತೋಳಿನ ಪಿನ್ನು ಸರಿಮಾಡಿಕೊಂಡು, "ಚಿಕ್ಕಪ್ಪನೂ ಒಳ್ಳೇರೇ ಸಾರ್," ಅಂದಳು.

ಬಸ್ಸು ಹೊರಟುಹೋಯಿತು. ನಾನು ಕೂತೆ. ಆಕೆ ಆರಿದ ಟೀಯನ್ನು ಒಂದೇ ಗುಟುಕಿಗೆ ಕುಡಿದು ಎದ್ದಳು.

"ಸಾರ್, ಪಿಸ್ತೂಲಿಗೆ ಬೇರೆ ಏನಾದ್ರೂ ತೊಂದ್ರೆ ಇದೆಯಾ?"

"ಇಲ್ಲ. ಪಿಸ್ತೂಲು ಚಿನ್ನ."

"ಹಂಗಾದ್ರೆ ಪಿಸ್ತೂಲು ತಗೋತೀನಿ. ಸಿಲಿಂಡರ್ ಬೇಡ. ಹೊಸದು ಎಲ್ಲಿದ್ರೂ ಹುಡುಕೋಣ."

"ಸಿಗದೇ ಹೋದ್ರೆ?"

"ಸಿಗದೇ ಹೋದ್ರೆ ಮುಂದಿನ ವರ್ಷ ಹೊಡೀತೀನಿ. ಕೈ ಇರುತ್ತಲ್ಲ."

ವಾಪಸು ಹೋದೆವು. ಅಂಗಡಿಯವರು ನಮ್ಮನ್ನು ನೋಡಿ ನಕ್ಕರು, ವಿಷಯ ಕೇಳಿದ ಮೇಲೆ ನಗು ಇಳಿಯಿತು. ವ್ಯಾಪಾರ ಕುದುರಿತು. ಆಮೇಲೆ ನಾನು ಇನ್ನೊಂದು ಮಾತು ಕೇಳಿದೆ. "ಆ ಎರಡೂ ಸಿಲಿಂಡರ್ ಕೊಡಿ. ಒಂದು ಡ್ರಿಲ್ಲೂ ಕೊಡಿ."

"ಯಾಕೆ ಸಾರ್?"

"ತೂತು ಮಾಡಿ ಕೊಡ್ತೀನಿ. ಇನ್ಯಾರಾದ್ರೂ ಬಂದು ಕೇಳಿದ್ರೆ ನಿಮಗೂ ಕೊಡೋಕೆ ಮನಸ್ಸಾಗಬಾರದು."

ಅವರ ಮುಖ ಕೆಂಪಾಯಿತು. ತಮ್ಮ ಅಂಗಡಿಯಲ್ಲಿ, ತಮ್ಮ ವಸ್ತುವಿಗೆ, ಗೊತ್ತಿಲ್ಲದವನೊಬ್ಬ ತೂತು ಕೊರೆಯುವುದು! ನಾನು ಕೈ ಚಾಚಿಕೊಂಡೇ ನಿಂತೆ. ಕೊನೆಗೆ ಅವರೇ ಕೌಂಟರಿನ ಕೆಳಗಿಂದ ಡ್ರಿಲ್ ತೆಗೆದು ನನ್ನ ಮುಂದೆ ಇಟ್ಟರು. ಗಾಳಿಯನ್ನೆಲ್ಲ ಬಿಟ್ಟು, ಒತ್ತಡ ತೋರಿಸುವ ಮುಳ್ಳು ಸೊನ್ನೆಗೆ ಇಳಿದ ಮೇಲೂ ವಾಲ್ವ್ ಒತ್ತಿ ಹಿಡಿದು ಖಾತ್ರಿ ಮಾಡಿಕೊಂಡು, ಒಂದೊಂದಕ್ಕೂ ಎರಡೆರಡು ತೂತು ಕೊರೆದೆ. ಮುಗಿದ ಮೇಲೆ ಅವರು ಒಂದನ್ನು ಎತ್ತಿಕೊಂಡು ತೂತಿನೊಳಗೆ ಕಣ್ಣಿಟ್ಟು ನೋಡಿದರು. "ತಾರೀಖು ಮುಗಿದ್ಮೇಲೂ ನಾನು ಒಂದು ವರ್ಷ ಇದನ್ನೇ ಹಾಕ್ಕೊಂಡು ಹೊಡೆದಿದೀನಿ," ಅಂದರು.

ಸಿಲಿಂಡರ್ ಹುಡುಕುವುದರಲ್ಲೇ ಒಂಬತ್ತು ದಿನ ಕಳೆದವು. ಬೆಂಗಳೂರು, ಪುಣೆ, ದೆಹಲಿ, ಎಲ್ಲ ಕಡೆಗೂ ಫೋನು. ಒಬ್ಬರ ಹತ್ತಿರ ಇದೆ, ಆದರೆ ಬೇರೆ ಕಂಪನಿಯದು, ನಡುವೆ ಜೋಡಣೆಯ ತುಂಡು ಹಾಕಿ ಕೂರಿಸಬಹುದು ಅಂದರು. ಬೇಡ ಅಂದೆ. ಇನ್ನೊಬ್ಬರು ಕಳಿಸಿದ ಫೋಟೋದಲ್ಲಿ ತಾರೀಖಿನ ಜಾಗಕ್ಕೆ ಸರಿಯಾಗಿ ಬೆರಳು ಇತ್ತು. ಬೆರಳು ತೆಗೆದು ಫೋಟೋ ಕಳಿಸಿ ಅಂದೆ, ಮತ್ತೆ ಉತ್ತರ ಬರಲಿಲ್ಲ. ಆಕೆ ದಿನಾ ಮಧ್ಯಾಹ್ನ ಊಟದ ಬಿಡುವಿನಲ್ಲಿ ಫೋನು ಮಾಡುತ್ತಿದ್ದಳು. ಇಲ್ಲ ಅಂತ ಹೇಳಿ ಹೇಳಿ ನನಗೇ ಫೋನು ಎತ್ತೋಕೆ ಹಿಂಜರಿಕೆ ಶುರುವಾಗಿತ್ತು.

ಕೊನೆಗೆ ಬೆಂಗಳೂರಿನ ಆ ಉತ್ಸಾಹಿ ಹುಡುಗನೇ ಫೋನು ಮಾಡಿದ. ಅದೇ ಕಂಪನಿಯ ಹೊಸ ಮಾದರಿಗೆ ಬರುವ ಸಿಲಿಂಡರ್ ಒಂದು ಸಿಕ್ಕಿದೆ, ಹಳೆಯದಕ್ಕೂ ಕೂರುತ್ತೆ ಅಂದ. "ಕೂರುತ್ತೆ ಅಂತ ನೀನು ಹೇಳಿದ್ರೆ ಆಗಲ್ಲಪ್ಪ, ಕಂಪನಿ ಹೇಳಬೇಕು," ಅಂದೆ. ಪಾಪ, ಕಂಪನಿಯ ಪಟ್ಟಿಯ ಪುಟ ಹುಡುಕಿ ಕಳಿಸಿದ. ನಮ್ಮ ಪಿಸ್ತೂಲಿನ ಹೆಸರು ಅದರಲ್ಲಿತ್ತು.

ಸಿಲಿಂಡರ್ ಬಂದಾಗ ಒಂಬತ್ತು ದಿನ ಉಳಿದಿತ್ತು. ಅಳತೆಯ ಗಾಳಿ ತುಂಬಿ, ಪಿಸ್ತೂಲಿಗೆ ಕೂರಿಸಿ, ಕೀಲಿನ ಸುತ್ತ ಸೋಪಿನ ನೀರು ಹಚ್ಚಿದೆ. ಸಣ್ಣ ಸಣ್ಣ ಗುಳ್ಳೆಗಳು ಎದ್ದವು. ಪಿಸ್ತೂಲಿನ ಕಡೆಯ ರಬ್ಬರ್ ಉಂಗುರ ಒಣಗಿಹೋಗಿತ್ತು. ಅದಕ್ಕೂ ಕಂಪನಿಯದ್ದೇ ಬೇಕು. ಇನ್ನೊಂದು ದಿನ ಹೋಯಿತು. ಆಮೇಲೆ ಗುಳ್ಳೆ ಏಳಲಿಲ್ಲ. ಒಂದು ಹಗಲು ಹಾಗೇ ಇಟ್ಟು ನೋಡಿದೆ, ಮುಳ್ಳು ಕದಲಲಿಲ್ಲ. ಟ್ರಿಗರ್ ಅರ್ಧ ಕೆಜಿಗಿಂತ ಹಗುರ ಇರಬಾರದು, ಸ್ಪರ್ಧೆಯಲ್ಲಿ ತೂಕದ ಬಟ್ಟು ನೇತುಹಾಕಿ ನೋಡುತ್ತಾರೆ. ಆಕೆಗೆ ಹಗುರ ಇಷ್ಟ. ನಾನು ನಲವತ್ತು ಗ್ರಾಂ ಹೆಚ್ಚಿಗೆ ಇಟ್ಟೆ. ಗೊಣಗಿದಳು, ಒಪ್ಪಿಕೊಂಡಳು.

ಉಳಿದದ್ದು ಏಳು ದಿನ, ಅಭ್ಯಾಸಕ್ಕೆ ಜಾಗ ಬೇಕು. ನಾನು ಸರಿ ಇದೆ ಅಂದಿದ್ದರೆ ಕಾರ್ಯದರ್ಶಿ ರೇಂಜು ಕೊಡುತ್ತಿದ್ದರು. ಆದರೆ ಸರಿ ಇದೆ ಅಂತ ಹೇಳೋಕೆ ನನಗೇ ಇನ್ನೂ ಧೈರ್ಯ ಇರಲಿಲ್ಲ. ಪಕ್ಕದ ಲೇನಿನಲ್ಲಿ ಜನ ಇಲ್ಲದ ಕಡೆ ಮೊದಲು ನೋಡಬೇಕಿತ್ತು. ದಿಬ್ಬೂರಹಳ್ಳಿಯಲ್ಲಿ ನನ್ನ ಭಾವಮೈದುನನ ರೇಷ್ಮೆ ಹುಳು ಸಾಕುವ ಮನೆ ಇದೆ. ಒಂದು ಬೆಳೆ ಮುಗಿದು ತೊಳೆದು ಒಣಗಲು ಬಿಟ್ಟಿದ್ದ. ಮುಂದಿನ ಹುಳು ತರುವುದಕ್ಕೆ ಐದು ದಿನ ಇತ್ತು. ಉದ್ದ ಹದಿನೈದು ಮೀಟರ್. ಹುಳು ಗೂಡು ಕಟ್ಟುವ ಚಂದ್ರಿಕೆಗಳನ್ನು ಒಂದು ಮೂಲೆಗೆ ಒಟ್ಟಿದ್ದರು, ಬ್ಲೀಚಿಂಗ್ ಪುಡಿಯ ವಾಸನೆ ಇನ್ನೂ ಹೋಗಿರಲಿಲ್ಲ. ಆ ಕಡೆ ಗೋಡೆಗೆ ದಪ್ಪ ಕಬ್ಬಿಣದ ತಗಡು, ಅದರ ಮುಂದೆ ಪೆಲೆಟ್ ಹಿಡಿಯುವ ಪೆಟ್ಟಿಗೆ ಇಟ್ಟೆ. ಈ ಕಡೆ ಮೇಜು. ಬಾಗಿಲು ಒಳಗಿಂದ ಭದ್ರ. "ಬೇಗ ಮುಗಿಸ್ಕೊಳ್ಳಿ ಭಾವ, ಹುಳು ಬಂದ್ಮೇಲೆ ಒಬ್ರೂ ಒಳಕ್ಕೆ ಬರೋ ಹಾಗಿಲ್ಲ," ಅಂದ ಭಾವಮೈದುನ.

ಮೇಜಿನ ಮೇಲೆ ಸೀಮೆಸುಣ್ಣದಲ್ಲಿ ಎರಡು ಗೆರೆ ಎಳೆದೆ. ಮೂತಿ ಆ ಗೆರೆಗಳ ನಡುವೆಯೇ ಇರಬೇಕು. ಹೊರಗೆ ಹೋದಾಗೆಲ್ಲ ನಾನು "ಹೊರಗೆ" ಅನ್ನುತ್ತಿದ್ದೆ. ಮೊದಲ ದಿನ ಅರವತ್ತರಲ್ಲಿ ಹದಿನೆಂಟು ಸಲ ಅಂದೆ. ಮುಗಿಯುವ ಹೊತ್ತಿಗೆ ಎರಡು ಗಂಟೆ ಆಗಿತ್ತು. ಲಿವರ್ ಮುಚ್ಚುವಾಗ ತೊಂದರೆ ಇರಲಿಲ್ಲ, ತೆರೆಯುವಾಗ ಪಿಸ್ತೂಲು ಮೂತಿ ಅಲ್ಲಾಡಿಸಿಕೊಂಡು ಹಿಂದಕ್ಕೆ ಬರುತ್ತಿತ್ತು. ಎರಡನೇ ದಿನ ಸೈಕಲ್ ಟ್ಯೂಬು ಸೀಳಿ ಕೆಳಗೆ ಹಾಸಿದೆ. ಒಂಬತ್ತು ಸಲ. ಮೂರನೇ ದಿನಕ್ಕೆ ನಾನೇ ಮರದಲ್ಲಿ ಒಂದು ಅಚ್ಚು ಮಾಡಿ ತಂದೆ, ಪಿಸ್ತೂಲು ಅದರೊಳಗೆ ಕಚ್ಚಿಕೊಂಡು ಕೂರುವ ಹಾಗೆ. ಒಂದು ಸಲವೂ ಅಲ್ಲಾಡಲಿಲ್ಲ. ಖುಷಿಯಲ್ಲಿ ಸ್ಪರ್ಧೆಯ ಅಧಿಕಾರಿಗೆ ಫೋನು ಮಾಡಿ ಕೇಳಿದೆ.

"ಪಿಸ್ತೂಲನ್ನ ಕಚ್ಚಿ ಹಿಡಿಯೋ ಸಾಧನ ಮೇಜಿನ ಮೇಲೆ ಇಡೋಕೆ ಬಿಡಲ್ಲ," ಅಂದರು ಅವರು. "ಹಾಸೂ ಬೇಡ. ಮೇಜು ಹೆಂಗಿದೆಯೋ ಹಂಗೆ."

ಅಚ್ಚು ತೆಗೆದು ಪಕ್ಕಕ್ಕಿಟ್ಟೆ, ಟ್ಯೂಬನ್ನೂ ತೆಗೆದೆ. ಇಬ್ಬರೂ ಬರೀ ಮೇಜನ್ನು ನೋಡುತ್ತಾ ಕೂತೆವು. ಹಿಂದಿನ ದಿನದ ಸೀಮೆಸುಣ್ಣದ ಗೆರೆ ಅರ್ಧ ಅಳಿಸಿತ್ತು.

"ಸಾರ್, ಒಂಚೂರು ಆ ಕಡೆ ತಿರುಗಿ," ಅಂದಳು.

ನಾನು ಅರ್ಥವಾಗದೆ ಗೋಡೆಯ ಕಡೆ ತಿರುಗಿದೆ. ಪಿನ್ನು ಬಿಚ್ಚಿದ ಸದ್ದು, ಬಟ್ಟೆಯ ಸದ್ದು. ಆಮೇಲೆ ಲಿವರಿನ ಸದ್ದು: ಟಕ್, ಸ್ವಲ್ಪ ಹೊತ್ತು, ಟಕ್. ಮತ್ತೆ. ಮತ್ತೆ.

"ಈಗ ನೋಡಿ."

ಕುರ್ತಾದ ಎಡತೋಳನ್ನು ಭುಜದವರೆಗೂ ಮಡಿಸಿದ್ದಳು. ಮೊಣಕೈಯಿಂದ ಕೆಳಗೆ ಉಳಿದಿದ್ದ ಆ ಗೇಣುದ್ದದ ತೋಳನ್ನು ಪಿಸ್ತೂಲಿನ ಹಿಡಿಯ ಹಿಂದಕ್ಕೆ ಒತ್ತಿ ಹಿಡಿದಿದ್ದಳು, ಗೋಡೆಗೆ ಆನಿಸಿದ ಹಾಗೆ. ಬಲಗೈಯಲ್ಲಿ ಲಿವರ್ ಎಳೆದಳು. ಪಿಸ್ತೂಲು ಕದಲಲಿಲ್ಲ. ಪೆಲೆಟ್ ಇಟ್ಟಳು, ಮುಚ್ಚಿದಳು. ನಾನು ಗಡಿಯಾರ ನೋಡಿದೆ. ಹದಿನಾಲ್ಕು ಸೆಕೆಂಡು.

ನನ್ನ ಬುದ್ಧಿಗೆ ನಾನೇ ನಾಚಿಕೊಂಡ ಗಳಿಗೆ ಅದು. ಕೈಯನ್ನು ಬೆಲ್ಟಿಗೆ ಕಟ್ಟಿಕೊಂಡು ಎರಡು ಗಂಟೆ ಒದ್ದಾಡಿದ್ದೆ, ಆಕೆಯ ಕಷ್ಟ ಗೊತ್ತಾಯಿತು ಅಂದುಕೊಂಡಿದ್ದೆ. ಆಕೆಗೆ ಏನಿಲ್ಲ ಅನ್ನುವುದನ್ನೇ ಅಳೆಯುತ್ತಿದ್ದವನು, ಏನಿದೆ ಅಂತ ಒಂದು ಸಲವೂ ಕೇಳಿರಲಿಲ್ಲ. ಕೇಳದಿದ್ದದ್ದು ಮರ್ಯಾದೆಗೆ ಅಂತ ಅಂದುಕೊಂಡಿದ್ದೆ.

"ಯಾಕಮ್ಮ ಮುಂಚೇನೇ ಮಾಡ್ಲಿಲ್ಲ?"

"ಎಲ್ರ ಮುಂದೆ ತೋರಿಸ್ಬೇಕಲ್ಲ ಸಾರ್." ಇನ್ನೊಂದು ಪೆಲೆಟ್ ಎತ್ತಿಕೊಂಡಳು. "ನೀವು ಗೆರೆ ಎಳೀರಿ. ಇದು ಅಳಿಸೋಗಿದೆ."

ಆ ತೋಳಿಗೆ ಒತ್ತುವ ಕಡೆ ಹಿಡಿಯ ಅಂಚು ಚುಚ್ಚುತ್ತಿತ್ತು. ಅಲ್ಲೇ ಕೂತು ಅರ ಹಿಡಿದು ಆ ಅಂಚನ್ನು ದುಂಡಗೆ ಮಾಡಿದೆ. ಆವತ್ತು ಅರವತ್ತು ಹೊಡೆತದಲ್ಲಿ ಎರಡು ಸಲ ಮಾತ್ರ "ಹೊರಗೆ" ಅಂದೆ. ನಾಲ್ಕನೇ ದಿನ ಒಮ್ಮೆಯೂ ಇಲ್ಲ. ಐದನೇ ದಿನ ಚಿಕ್ಕಬಳ್ಳಾಪುರದ ರೇಂಜಿನಲ್ಲಿ, ಎಲ್ಲ ಲೇನುಗಳೂ ತುಂಬಿರುವಾಗ, ಕುರ್ತಾದ ತೋಳು ಮಡಿಸಿ ನಿಂತು ಹೊಡೆದಳು. ಕಾರ್ಯದರ್ಶಿ ಬಾಗಿಲಲ್ಲಿ ನಿಂತು ಪೂರ್ತಿ ನೋಡಿ ಕೆಳಗಿಳಿದು ಹೋದರು. ನಾನು ರಿಜಿಸ್ಟರಿನಲ್ಲಿ ಸರಿ ಇದೆ ಅಂತ ಬರೆದು ಸಹಿ ಹಾಕಿದೆ.

ಆಯ್ಕೆಯ ದಿನ ಬೆಳಿಗ್ಗೆ ಬೆಂಗಳೂರಿನ ರೇಂಜಿನಲ್ಲಿ ಮೊದಲು ಸಾಮಾನಿನ ತಪಾಸಣೆ. ಅಧಿಕಾರಿ ಪಿಸ್ತೂಲನ್ನು ಅಳತೆಯ ಪೆಟ್ಟಿಗೆಯಲ್ಲಿಟ್ಟು ನೋಡಿದರು, ಟ್ರಿಗರಿಗೆ ತೂಕ ನೇತುಹಾಕಿ ಎತ್ತಿದರು. ಬಟ್ಟು ಮೇಲೆದ್ದಿತು, ಟ್ರಿಗರ್ ಬೀಳಲಿಲ್ಲ. ಸಿಲಿಂಡರ್ ತಿರುಗಿಸಿ ತಾರೀಖು ಓದಿದರು. ಚೀಟಿ ಅಂಟಿಸಿದರು.

ಆಕೆಗೆ ಸಿಕ್ಕಿದ್ದು ಏಳನೇ ಲೇನು. ನಾನು ಹಗ್ಗದ ಈಚೆ, ಪ್ರೇಕ್ಷಕರ ಕುರ್ಚಿಯಲ್ಲಿ. ಸ್ಪರ್ಧೆ ಶುರುವಾದ ಮೇಲೆ ಮಾತಾಡುವಂತಿಲ್ಲ, ಸನ್ನೆ ಮಾಡುವಂತಿಲ್ಲ. ಆಕೆ ಮೊದಲ ಪೆಲೆಟ್ ಹಾಕಿದ ರೀತಿ ನೋಡಿದ್ದೇ ತಡ, ರೇಂಜಿನ ಅಧಿಕಾರಿ ಬಂದು ಆಕೆಯ ಬೆನ್ನ ಹಿಂದೆ ನಿಂತರು. ಎತ್ತರದ ಮನುಷ್ಯ, ಕೈಯಲ್ಲಿ ಕಾಗದ ಸಿಕ್ಕಿಸಿದ ಹಲಗೆ. ಅವರ ಕಣ್ಣು ಗುರಿಯ ಮೇಲಿರಲಿಲ್ಲ, ಪಿಸ್ತೂಲಿನ ಮೂತಿಯ ಮೇಲಿತ್ತು. ಹತ್ತು ಹೊಡೆತ, ಇಪ್ಪತ್ತು ಹೊಡೆತ. ಅವರು ಅಲ್ಲಿಂದ ಕದಲಲಿಲ್ಲ.

ಮೂವತ್ತೊಂದನೆಯದಕ್ಕೆ ಲಿವರ್ ಮುಚ್ಚಲಿಲ್ಲ.

ಪೆಲೆಟ್ ಓರೆಯಾಗಿ ಕೂತಿತ್ತು ಅಂತ ನನಗೆ ದೂರದಿಂದಲೇ ಗೊತ್ತಾಯಿತು. ಬಲವಂತವಾಗಿ ಮುಚ್ಚಿದರೆ ಪೆಲೆಟ್ ಜಜ್ಜಿ ಸಿಕ್ಕಿಕೊಳ್ಳುತ್ತೆ. ಎರಡು ಕೈ ಇರುವವರು ಪಿಸ್ತೂಲನ್ನು ಸ್ವಲ್ಪ ವಾಲಿಸಿ ಕುಟ್ಟಿದರೆ ಬಿದ್ದುಹೋಗುತ್ತೆ. ಆಕೆ ವಾಲಿಸಿದರೆ ಮೂತಿ ತಿರುಗುತ್ತೆ, ಹಿಂದೆ ಅಧಿಕಾರಿ ಇದ್ದಾರೆ. ನಾನು ಕುರ್ಚಿಯ ತುದಿಗೆ ಬಂದಿದ್ದೆ. ಮುಚ್ಚಬೇಡ, ಮುಚ್ಚಬೇಡ ಅಂತ ಮನಸ್ಸಿನಲ್ಲೇ ಅನ್ನುತ್ತಿದ್ದೆ.

ಆಕೆ ಲಿವರ್ ಬಿಟ್ಟಳು. ತೋಳನ್ನು ಹಿಡಿಯ ಹಿಂದೆ ಹಾಗೇ ಒತ್ತಿಕೊಂಡು, ಕಿರುಬೆರಳಿನ ಉಗುರನ್ನು ಪೆಲೆಟ್ ಕೂರುವ ಸಂದಿಯೊಳಗೆ ತೂರಿಸಿ ಪೆಲೆಟ್ಟನ್ನು ಕೆದಕತೊಡಗಿದಳು. ಒಂದು ನಿಮಿಷ. ಎರಡು. ಹಣೆಯ ಬೆವರು ಮೂಗಿನ ತುದಿಗೆ ಇಳಿದು ಮೇಜಿನ ಮೇಲೆ ಬಿತ್ತು. ಮೂರು ನಿಮಿಷದ ಮೇಲೆ ಪೆಲೆಟ್ ಎಗರಿ ನೆಲಕ್ಕೆ ಬಿತ್ತು. ಮೂತಿ ಒಂದಿಂಚೂ ಕದಲಿರಲಿಲ್ಲ. ಅಧಿಕಾರಿ ಹಲಗೆಯ ಮೇಲೆ ಏನೋ ಬರೆದುಕೊಂಡರು, ಇನ್ನೂ ಒಂದು ನಿಮಿಷ ನಿಂತರು, ಆಮೇಲೆ ನಿಧಾನಕ್ಕೆ ಹತ್ತನೇ ಲೇನಿನ ಕಡೆ ನಡೆದುಹೋದರು.

ಉಳಿದದ್ದು ಮೂವತ್ತು ಹೊಡೆತ, ಮೂವತ್ತೊಂದು ನಿಮಿಷ. ಆಕೆ ಅವಸರ ಮಾಡಬೇಕಿತ್ತು. ಮಾಡಲಿಲ್ಲ. ಕಣ್ಣು ಮುಚ್ಚಿ ಅರ್ಧ ನಿಮಿಷ ಸುಮ್ಮನೆ ನಿಂತಳು. ಆಮೇಲೆ ಬಿಟ್ಟು, ಹಾಕಿ, ಹಿಡಿದು, ಎತ್ತಿ. ಬಿಟ್ಟು, ಹಾಕಿ, ಹಿಡಿದು, ಎತ್ತಿ. ಒಂದು ಏಳು ಬಿತ್ತು. ಅದರ ಮೇಲೆ ಸಾಲಾಗಿ ನಾಲ್ಕು ಹತ್ತು. ಕೊನೆಯ ಹೊಡೆತ ಹೊಡೆದಾಗ ಗಡಿಯಾರದಲ್ಲಿ ಐವತ್ತು ಸೆಕೆಂಡು ಇತ್ತು. ನನ್ನ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು.

ಅರ್ಹತೆಯ ಗೆರೆಯನ್ನು ಆಕೆ ಮೂರೇ ಮೂರು ಅಂಕದಿಂದ ದಾಟಿದ್ದಳು. ಫಲಿತಾಂಶದ ಹಾಳೆಯಲ್ಲಿ ಕೆಳಗಿನಿಂದ ಎರಡನೇ ಹೆಸರು. ಆದರೂ ಹಾಳೆಯ ಒಳಗೆ.

ಹಿಂದಿನ ಕೋಣೆಯಲ್ಲಿ ನಾನು ಪಿಸ್ತೂಲು ಒರೆಸಿ ಪೆಟ್ಟಿಗೆಗೆ ಹಾಕುತ್ತಿದ್ದೆ. ಸುತ್ತಲೂ ಬೇರೆ ಸ್ಪರ್ಧಿಗಳು, ಅವರ ಮನೆಯವರು. ಆಕೆ ಫೋನನ್ನು ಮೇಜಿನ ಮೇಲಿಟ್ಟು ಸ್ಪೀಕರ್ ಹಾಕಿ ಅಮ್ಮನಿಗೆ ಫೋನು ಮಾಡಿದಳು. ಅವರ ಮನೆಯಲ್ಲಿ ತೆಲುಗು. ಆಯ್ಕೆಯಾದೆ ಅಂತ ಹೇಳಿದಳು. ಅಮ್ಮನಿಗೆ ಅದು ಅಷ್ಟಾಗಿ ತಲೆಗೆ ಹೋದಂತೆ ಕಾಣಲಿಲ್ಲ. ಅವರ ಚಿಂತೆ ಬೇರೆ ಇತ್ತು.

"ಗುಂಡು ಎವರು ಪೆಟ್ಟಿಚ್ಚಿನಾರೇ?" ಗುಂಡು ಯಾರು ಹಾಕಿಕೊಟ್ಟರು ಅಂತ.

"ನೇನೇ ಅಮ್ಮಾ," ಅಂದಳು ಆಕೆ. ನಾನೇ.

"ಅನ್ನೀ?" ಎಲ್ಲಾನೂ?

"ಅರವೈಯೂ ನೇನೇ." ಅರವತ್ತೂ ನಾನೇ.

ಆ ಕಡೆಯಿಂದ ಎಲ್ಲೋ ಒಂದು ಹಸು ಕೂಗಿದ್ದು ಕೇಳಿಸಿತು. ಆಮೇಲೆ, "ಇಂಕೋಸಾರಿ ಚೆಪ್ಪು," ಅಂದರು ಅಮ್ಮ. ಇನ್ನೊಂದು ಸಲ ಹೇಳು.

ಆಕೆ ಹೇಳಿದಳು. ಈ ಸಲ ಎಷ್ಟು ಜೋರಾಗಿ ಹೇಳಿದಳೆಂದರೆ, ಕೋಣೆಯಲ್ಲಿದ್ದವರೆಲ್ಲ ತಿರುಗಿ ನೋಡಿದರು.